ನಿಂದೆ, ಉತ್ತರ ಮತ್ತು ಮೌನ: ನ್ಯೂಮನ್ನನ ‘ಅಪೊಲೊಜಿಯಾ’ದ ಎರಡು ಪಾಠಗಳು

‘ಅಪೊಲೊಜಿಯಾ’ ಎಂಬ ಗ್ರೀಕ್ ಪದವನ್ನು ಕನ್ನಡಕ್ಕೆ ತರುವಾಗ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನ ಮೂಲಕ ಅದನ್ನು ಬಲ್ಲವರಿಗೆ ಅದು ‘ಕ್ಷಮಾಪಣೆ’ ಎಂಬಂತೆ ಕೇಳಿಸುತ್ತದೆ. ಮೂಲದಲ್ಲಿ ಅದಕ್ಕೆ ಕ್ಷಮೆಯ ಸೋಂಕೇ ಇಲ್ಲ. ಆಪಾದನೆಗೆ ಗುರಿಯಾದವನು ನ್ಯಾಯಸಭೆಯ ಮುಂದೆ ನಿಂತು ಹೇಳುವ ಉತ್ತರವೇ ಅಪೊಲೊಜಿಯಾ. ನಮ್ಮಲ್ಲಿ ಇದಕ್ಕೆ ಹತ್ತಿರದ ಪದಗಳಿಲ್ಲವೆಂದಲ್ಲ. ಆದರೆ ‘ಸಮರ್ಥನೆ’ ಎಂದರೆ ವಾದದ ಬಿಸಿ ಹೆಚ್ಚು. ‘ಸಮಜಾಯಿಷಿ’ ಎಂದರೆ ಏನನ್ನೋ ಮುಚ್ಚಿಕೊಳ್ಳುತ್ತಿರುವ ವಾಸನೆ. ‘ಬಿನ್ನಹ’ ಎಂದರೆ ಕೆಳಗೆ ನಿಂತವನ ದನಿ. ತನ್ನ ಮೇಲೆ ಬಂದ ಅನ್ಯಾಯದ ಮಾತಿಗೆ ತಲೆಬಾಗದೆ, ಆದರೆ ತಲೆಕೆಡಿಸಿಕೊಳ್ಳದೆಯೂ ಕೊಡುವ ಉತ್ತರಕ್ಕೆ ನಮ್ಮ ಭಾಷೆ ಒಂದೇ ಪದವನ್ನು ಸಿದ್ಧಮಾಡಿಕೊಳ್ಳಲಿಲ್ಲ. ಈ ಕೊರತೆ ಕೇವಲ ನಿಘಂಟಿನದಲ್ಲ, ನಿಂದೆಯನ್ನು ಎದುರಿಸುವ ನಮ್ಮ ಪರಂಪರೆಯ ರೀತಿಗೂ ಅದಕ್ಕೂ ಸಂಬಂಧವಿದೆ ಎಂಬುದು ನನ್ನ ಅನಿಸಿಕೆ. ಆ ಮಾತಿಗೆ ಮುಂದೆ ಬರುತ್ತೇನೆ.

ಪ್ರಸ್ತುತ ಲೇಖನದ ವಸ್ತು ಜಾನ್ ಹೆನ್ರಿ ನ್ಯೂಮನ್ 1864ರಲ್ಲಿ ಬರೆದ ‘ಅಪೊಲೊಜಿಯಾ ಪ್ರೊ ವಿಟಾ ಸುವಾ’. ಆಂಗ್ಲ ಗದ್ಯದ ಶ್ರೇಷ್ಠ ಆತ್ಮಚರಿತ್ರೆಗಳಲ್ಲೊಂದೆಂದು ಅದನ್ನು ಓದುವ ರೂಢಿಯಿದೆ. ನಾನು ಅದನ್ನು ಇಲ್ಲಿ ಬೇರೊಂದು ಪ್ರಶ್ನೆಯೊಡನೆ ಓದುತ್ತಿದ್ದೇನೆ: ಸುಳ್ಳುಗಾರನೆಂಬ ಆಪಾದನೆಗೆ ಉತ್ತರಿಸಹೊರಟ ಒಬ್ಬ ಕ್ರೈಸ್ತ, ಉತ್ತರಿಸುವ ಕ್ರಿಯೆಯಲ್ಲೇ ತನ್ನ ಪ್ರಾಮಾಣಿಕತೆಯನ್ನು ಕಳೆದುಕೊಳ್ಳದಿರುವುದು ಹೇಗೆ?

ಪ್ರಸಂಗದ ಸಂಗತಿಗಳು ಹೀಗಿವೆ. 1864ರ ಜನವರಿಯ ‘ಮ್ಯಾಕ್‌ಮಿಲನ್ಸ್ ಮ್ಯಾಗಜೀನ್’ನಲ್ಲಿ ಫ್ರೌಡ್‌ನ ಇಂಗ್ಲೆಂಡ್ ಇತಿಹಾಸದ ಎರಡು ಸಂಪುಟಗಳ ವಿಮರ್ಶೆ ಪ್ರಕಟವಾಯಿತು. ಬರೆದವನು ಚಾರ್ಲ್ಸ್ ಕಿಂಗ್ಸ್‌ಲಿ. ಕಾದಂಬರಿಕಾರ, ಆಂಗ್ಲಿಕನ್ ಪಾದ್ರಿ, ಕೇಂಬ್ರಿಜ್‌ನಲ್ಲಿ ಆಧುನಿಕ ಇತಿಹಾಸದ ಪ್ರಾಧ್ಯಾಪಕ. ಹೆಸರಿನ ಬದಲು ಎರಡು ಅಕ್ಷರಗಳಷ್ಟೇ ಇದ್ದ ಆ ವಿಮರ್ಶೆಯಲ್ಲಿ ಅವನು ಪ್ರಸ್ತುತ ವಿಷಯಕ್ಕೆ ಅಷ್ಟೇನೂ ಅಗತ್ಯವಿಲ್ಲದ ಒಂದು ಮಾತನ್ನು ಸೇರಿಸಿದ್ದ: ಸತ್ಯವನ್ನು ಸತ್ಯಕ್ಕಾಗಿಯೇ ಗೌರವಿಸುವುದು ರೋಮಿನ ಪುರೋಹಿತವರ್ಗದ ಗುಣವಲ್ಲ, ಹಾಗಿರಬೇಕಾದ ಅಗತ್ಯವೂ ಇಲ್ಲವೆಂದು ನ್ಯೂಮನ್ನೇ ಹೇಳುತ್ತಾನೆ ಎಂಬುದು ಅದರ ತಾತ್ಪರ್ಯ. ಎಲ್ಲಿ ಹೇಳಿದ್ದಾನೆ ಎಂಬುದಕ್ಕೆ ಆಧಾರ ಕೊಟ್ಟಿರಲಿಲ್ಲ. ನ್ಯೂಮನ್ ಪ್ರಕಾಶಕರಿಗೆ ಬರೆದು ಕೇಳಿದಾಗ ಕಿಂಗ್ಸ್‌ಲಿ ತೋರಿಸಿದ ಆಧಾರ, ನ್ಯೂಮನ್ 1843ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ್ದ ‘ವಿವೇಕ ಮತ್ತು ನಿಷ್ಕಪಟತೆ’ ಎಂಬ ಪ್ರವಚನ. ಅದರ ಇಂತಹ ಸಾಲು ಎಂದಲ್ಲ, ಇಡೀ ಪ್ರವಚನ! ನ್ಯೂಮನ್ ಕಥೋಲಿಕ ಧರ್ಮಸಭೆಯನ್ನು ಸೇರಿದ್ದು 1845ರ ಅಕ್ಟೋಬರ್ 9ರಂದು. ರೋಮಿನ ಪುರೋಹಿತರ ನಡತೆಗೆ ಸಾಕ್ಷ್ಯವಾಗಿ ಕಿಂಗ್ಸ್‌ಲಿ ಹಿಡಿದದ್ದು ಆಂಗ್ಲಿಕನ್ ಪೀಠದಿಂದ ಆಡಿದ ಮಾತನ್ನು. ಸಂಶೋಧಕರಾದವರಿಗೆ ಈ ಬಗೆಯ ಉಲ್ಲೇಖದೋಷ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಸಂಚಿಕೆಯಲ್ಲಿ ಕಿಂಗ್ಸ್‌ಲಿ ಅಚ್ಚುಮಾಡಿಸಿದ ವಿಷಾದದ ಮಾತುಗಳು ಆಪಾದನೆಯನ್ನು ಹಿಂದೆಗೆದುಕೊಳ್ಳಲಿಲ್ಲ. ನ್ಯೂಮನ್ ತನ್ನ ಅರ್ಥ ಅದಲ್ಲವೆಂದು ಹೇಳುತ್ತಿರುವುದರಿಂದ ಒಪ್ಪಿಕೊಳ್ಳಬೇಕಾಗಿದೆ ಎಂಬ ಧಾಟಿಯಲ್ಲಿದ್ದವು. ನ್ಯೂಮನ್ ಪತ್ರವ್ಯವಹಾರವನ್ನು ವ್ಯಂಗ್ಯದ ಟಿಪ್ಪಣಿಯೊಡನೆ ಪ್ರಕಟಿಸಿದ. ಮಾರ್ಚ್ ತಿಂಗಳಲ್ಲಿ ಕಿಂಗ್ಸ್‌ಲಿ, ಹಾಗಾದರೆ ಡಾ. ನ್ಯೂಮನ್ನನ ಅರ್ಥವಾದರೂ ಏನು ಎಂದು ಶೀರ್ಷಿಕೆಯಲ್ಲೇ ಕೇಳುವ ಒಂದು ಉದ್ದದ ಕಿರುಹೊತ್ತಗೆಯನ್ನು ಹೊರತಂದ. ಅದಕ್ಕೆ ಬಂದ ಉತ್ತರವೇ ‘ಅಪೊಲೊಜಿಯಾ’. ಏಪ್ರಿಲ್ 21ರಿಂದ ಜೂನ್ 2ರವರೆಗೆ ಪ್ರತಿ ಗುರುವಾರ ಒಂದೊಂದು ಭಾಗದಂತೆ ಏಳು ಭಾಗಗಳು, ಜೂನ್ 16ರಂದು ಅನುಬಂಧ. ನಿಂತುಕೊಂಡೇ ಬರೆಯುವ ಮೇಜಿನ ಮುಂದೆ, ಒಮ್ಮೆ ಇಪ್ಪತ್ತೆರಡು ಗಂಟೆ ಒಂದೇ ಸಮನೆ, ನಡುನಡುವೆ ಅಳುತ್ತ ಅವನು ಅದನ್ನು ಬರೆದ. ಆಗ ಅವನಿಗೆ ಅರವತ್ತಮೂರು ವರ್ಷ.

ವಿವಾದಕ್ಕೆ ಗುರಿಯಾದ ಪ್ರವಚನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದರ ಆಧಾರವಾಕ್ಯ ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದ್ದು: ತೋಳಗಳ ನಡುವೆ ಹೋಗುವ ಶಿಷ್ಯರು ಸರ್ಪದ ಜಾಣತನವನ್ನೂ ಪಾರಿವಾಳದ ನಿರುಪದ್ರವತೆಯನ್ನೂ ಪಡೆದಿರಬೇಕೆಂಬ ಯೇಸುವಿನ ಬುದ್ಧಿವಾದ. ನ್ಯೂಮನ್ ಇದರಿಂದ ಬೆಳೆಸಿದ ವಿಚಾರ ಸೂಕ್ಷ್ಮವಾದುದು. ಬಲಹೀನರಾದವರು ಬಲವನ್ನು ಬಲದಿಂದ ಎದುರಿಸಲಾರರು. ಮೌನ, ಸಹನೆ, ತಗ್ಗಿ ನಡೆಯುವುದು, ಆಡಬೇಕಾದುದನ್ನು ಮಾತ್ರ ಆಡುವುದು ಅವರ ಆಯುಧಗಳು. ಆದರೆ ಹೊರಗಿನ ಲೋಕಕ್ಕೆ ಈ ಸಂಯಮ ಸಂಯಮವಾಗಿ ಕಾಣುವುದಿಲ್ಲ. ಸೋತಂತೆ ಕಂಡವನು ಗೆದ್ದಾಗ ಅದಕ್ಕೆ ಏನೋ ಕುಟಿಲ ಕಾರಣವಿರಬೇಕೆಂದು ಲೋಕ ಶಂಕಿಸುತ್ತದೆ. ಸಾಧುತ್ವವೇ ಕಪಟವೆಂಬ ಹೆಸರು ಪಡೆಯುತ್ತದೆ. ಇಂತಹ ತಪ್ಪು ತಿಳಿವಳಿಕೆ ಕ್ರೈಸ್ತನಿಗೆ ಅನಿವಾರ್ಯವೆಂದು ಹೇಳಿದ ಪ್ರವಚನವನ್ನೇ ಕಿಂಗ್ಸ್‌ಲಿ ಕಪಟದ ಬೋಧನೆಯೆಂದು ಓದಿದ. ಪ್ರವಚನ ತನ್ನ ಗತಿಯನ್ನು ತಾನೇ ಮುಂಚಿತವಾಗಿ ಬರೆದಿಟ್ಟುಕೊಂಡಂತಿದೆ.

ಆದರೂ ಕಿಂಗ್ಸ್‌ಲಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ನ್ಯೂಮನ್ನನ ಅಭಿಮಾನಿಗಳು ಅವನನ್ನು ಒರಟನೆಂದು ಬದಿಗೊತ್ತುವುದುಂಟು, ಅದು ವಿಮರ್ಶೆಯಲ್ಲ. ಅವನು ಎತ್ತಿದ ಪ್ರಶ್ನೆಯಲ್ಲಿ ಹುರುಳಿತ್ತು. ನಾಲ್ಕನೆಯ ಶತಮಾನದ ಆರಿಯನ್ನರನ್ನು ಕುರಿತ ತನ್ನ 1833ರ ಗ್ರಂಥದಲ್ಲಿ ನ್ಯೂಮನ್, ಕೇಳುಗನ ಯೋಗ್ಯತೆಗೆ ತಕ್ಕಂತೆ ಸತ್ಯವನ್ನು ಹಂತಹಂತವಾಗಿ ಬಿಚ್ಚುವ ಆದಿಸಭೆಯ ಪದ್ಧತಿಯನ್ನು ಸಹಾನುಭೂತಿಯಿಂದ ವಿವರಿಸಿದ್ದ. 1841ರ ತೊಂಬತ್ತನೆಯ ‘ಟ್ರ್ಯಾಕ್ಟ್’ನಲ್ಲಿ ಆಂಗ್ಲಿಕನ್ ಸಭೆಯ ಮೂವತ್ತೊಂಬತ್ತು ಸೂತ್ರಗಳಿಗೆ ಕಥೋಲಿಕ ಅರ್ಥವನ್ನು ಹೊಂದಿಸಿ ತೋರಿಸಿ ವಿಶ್ವವಿದ್ಯಾಲಯದ ಖಂಡನೆಗೆ ಪಾತ್ರನಾಗಿದ್ದ. ಹೀಗಿರುವಾಗ, ಮಾತಿನ ಅರ್ಥವನ್ನು ಇಷ್ಟು ಸೂಕ್ಷ್ಮವಾಗಿ ತೂಗುವವನು ನೇರ ಮಾತಿನವನೇ ಎಂದು ನೇರ ಮಾತಿನವನೊಬ್ಬ ಕೇಳಿದರೆ ಆ ಪ್ರಶ್ನೆಯನ್ನು ದುರುದ್ದೇಶವೆನ್ನಲಾಗದು. ಅನ್ಯಾಯವಾದದ್ದು ಪ್ರಶ್ನೆಯಲ್ಲ, ಅದನ್ನು ಇಟ್ಟ ಕ್ರಮ. ನ್ಯೂಮನ್ ಏನೇ ಉತ್ತರ ಕೊಟ್ಟರೂ ಅದು ಅವನ ಜಾಣತನಕ್ಕೇ ಇನ್ನೊಂದು ನಿದರ್ಶನವೆಂದು ಕಿಂಗ್ಸ್‌ಲಿ ಮೊದಲೇ ಓದುಗರ ಮನಸ್ಸಿನಲ್ಲಿ ನೆಟ್ಟುಬಿಟ್ಟಿದ್ದ. ಇದನ್ನು ನ್ಯೂಮನ್ ಬಾವಿಗೆ ವಿಷ ಬೆರೆಸುವುದಕ್ಕೆ ಹೋಲಿಸಿದ. ನೀರು ಕೊಟ್ಟರೂ ಕುಡಿಯುವವರಿಲ್ಲ. ಮಾತಾಡಿದರೆ ಕುಟಿಲ, ಮಾತಾಡದಿದ್ದರೆ ತಪ್ಪೊಪ್ಪಿಗೆ.

ಇಂತಹ ಇಕ್ಕಟ್ಟು ಕ್ರೈಸ್ತ ಪರಂಪರೆಗೆ ಹೊಸದಲ್ಲ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಕೊನೆಯ ನಾಲ್ಕು ಅಧ್ಯಾಯಗಳು ಇದರ ಮೂಲಮಾತೃಕೆ ಎನ್ನಬಹುದು. ಅಲ್ಲಿ ಪೌಲನ ಮೇಲಿದ್ದ ದೂರುಗಳನ್ನು ಅವನ ಉತ್ತರಗಳಿಂದಲೇ ಊಹಿಸಿಕೊಳ್ಳಬೇಕು: ಬರುತ್ತೇನೆಂದು ಹೇಳಿ ಬರಲಿಲ್ಲ, ಪತ್ರಗಳಲ್ಲಿ ಗುಡುಗುತ್ತಾನೆ, ಎದುರಿಗೆ ಬಂದರೆ ಏನೂ ಅಲ್ಲ, ನಮ್ಮಿಂದ ಸಂಭಾವನೆ ತೆಗೆದುಕೊಳ್ಳಲಿಲ್ಲವೆಂದರೆ ನಮ್ಮ ಮೇಲೆ ಪ್ರೀತಿಯಿಲ್ಲವೆಂದೇ ಅರ್ಥ, ಅಥವಾ, ತಾನು ನೇರವಾಗಿ ತೆಗೆದುಕೊಳ್ಳದೆ ಯುಕ್ತಿಯಿಂದ ಬೇರೆಯವರ ಕೈಯಲ್ಲಿ ತೆಗೆಸಿಕೊಂಡ. ಈ ಕೊನೆಯ ದೂರು ಗಮನಾರ್ಹ. ಹನ್ನೆರಡನೆಯ ಅಧ್ಯಾಯದಲ್ಲಿ ಪೌಲನು ಅದನ್ನು ವಿರೋಧಿಗಳ ಬಾಯಿಂದ ಎತ್ತಿಕೊಂಡು ಹೇಳುತ್ತಾನೆ. ಅಲ್ಲಿರುವ ಪದ ‘ಕುಯುಕ್ತಿ’ ಎಂಬ ಅರ್ಥದ್ದು. ಅಂದರೆ ಹಣ ಮುಟ್ಟದಿರುವುದೇ ಹಣ ಹೊಡೆಯುವ ಉಪಾಯವೆಂದು ವ್ಯಾಖ್ಯಾನಗೊಂಡಿದೆ. ಕಿಂಗ್ಸ್‌ಲಿ ನ್ಯೂಮನ್ನನ ಮೇಲೆ ಹೊರಿಸಿದ್ದು ಬಹುಮಟ್ಟಿಗೆ ಇದೇ ತರ್ಕದ ಆಪಾದನೆ.

ಪೌಲನ ಉತ್ತರ ಎರಡು ನೆಲೆಗಳಲ್ಲಿದೆ. ಒಂದು ತೀರ ವ್ಯಾವಹಾರಿಕ. ಜೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಸಾಗಿಸಲು ತೀತನ ಜೊತೆಗೆ ಸಭೆಗಳೇ ಆರಿಸಿದ ಒಬ್ಬನನ್ನೂ ಮತ್ತೊಬ್ಬ ಸೋದರನನ್ನೂ ಕಳಿಸುವ ಏರ್ಪಾಟನ್ನು ಎಂಟನೆಯ ಅಧ್ಯಾಯದಲ್ಲಿ ವಿವರಿಸುತ್ತ, ದೇವರ ಎದುರಿಗಷ್ಟೇ ಅಲ್ಲ, ಮನುಷ್ಯರ ಎದುರಿಗೂ ಸರಿಯಾಗಿ ಕಾಣಬೇಕೆಂಬ ಕಾರಣ ಕೊಡುತ್ತಾನೆ. ನನ್ನ ಅಂತಸ್ಸಾಕ್ಷಿ ಶುದ್ಧವಾಗಿದ್ದರೆ ಸಾಕು, ಲೆಕ್ಕ ಯಾಕೆ ಎಂದು ಅವನು ಹೇಳುವುದಿಲ್ಲ. ಪ್ರಾಮಾಣಿಕತೆಯನ್ನು ಕೇವಲ ಒಳಗಿನ ಸಂಗತಿಯೆಂದು ಬಗೆಯುವ ಧಾರ್ಮಿಕ ಮನೋಭಾವಕ್ಕೆ ಇದು ಒಳ್ಳೆಯ ಮದ್ದು. ಇನ್ನೊಂದು ನೆಲೆ ವಿಲಕ್ಷಣವಾದುದು. ವಿರೋಧಿಗಳು ತಮ್ಮ ಹಿರಿಮೆಯನ್ನು ಕೊಚ್ಚಿಕೊಂಡದ್ದರಿಂದ ತಾನೂ ಕೊಚ್ಚಿಕೊಳ್ಳಬೇಕಾಗಿದೆ, ಇದು ಹುಚ್ಚನ ಮಾತೆಂದು ಸಹಿಸಿಕೊಳ್ಳಿ ಎಂಬ ಪೀಠಿಕೆಯೊಡನೆ ಅವನು ಸ್ವಪ್ರಶಂಸೆಗೆ ತೊಡಗುತ್ತಾನೆ. ಆದರೆ ಪಟ್ಟಿಮಾಡುವುದು ಗೆಲುವುಗಳನ್ನಲ್ಲ: ಐದು ಸಲ ಬಿದ್ದ ಚಾಟಿಯೇಟು, ಹಡಗು ಒಡೆದದ್ದು, ಹಸಿವು, ಚಳಿ, ಕೊನೆಗೆ ದಮಸ್ಕದ ಗೋಡೆಯ ಕಿಂಡಿಯಿಂದ ಬುಟ್ಟಿಯಲ್ಲಿ ಕುಳಿತು ಇಳಿದು ಓಡಿಹೋದದ್ದು. ವೀರಗಾಥೆಯ ಚೌಕಟ್ಟಿನಲ್ಲಿ ಪಲಾಯನದ ಚಿತ್ರ. ಇಷ್ಟೆಲ್ಲ ಹೇಳಿದ ಮೇಲೆ, ನಾವು ನಿಮ್ಮೆದುರು ಅಪೊಲೊಜಿಯಾ ಮಾಡಿಕೊಳ್ಳುತ್ತಿದ್ದೇವೆಂದು ತಿಳಿದಿರೇನು ಎಂಬರ್ಥದಲ್ಲಿ ಕೇಳುತ್ತಾನೆ. ಆ ಪದದ ಕ್ರಿಯಾರೂಪವನ್ನೇ ಬಳಸುತ್ತಾನೆ. ಮಾತು ಅವರಿಗೆ, ಆದರೆ ನ್ಯಾಯಪೀಠ ಅವರದಲ್ಲ. ಇದು ಮೊದಲನೆಯ ಪತ್ರದಲ್ಲಿ, ನಿಮ್ಮಿಂದ ವಿಚಾರಣೆಗೆ ಒಳಗಾಗುವುದು ನನಗೆ ದೊಡ್ಡದಲ್ಲ, ನನ್ನನ್ನು ನಾನೇ ವಿಚಾರಿಸಿಕೊಳ್ಳುವುದೂ ಇಲ್ಲ ಎಂದು ಅವನೇ ಹೇಳಿದ್ದ ಮಾತಿನ ಮುಂದುವರಿಕೆ.

ಯೇಸುವಿನ ನಡತೆಯಲ್ಲೂ ಎರಡು ಮಾದರಿಗಳಿವೆಯೆಂಬುದನ್ನು ಇಲ್ಲಿ ನೆನೆಯಬೇಕು. ಪಿಲಾತನ ಮುಂದೆ ಅವನು ಒಂದು ಆಪಾದನೆಗೂ ಉತ್ತರ ಕೊಡಲಿಲ್ಲವೆಂದು ಮತ್ತಾಯ ಬರೆಯುತ್ತಾನೆ. ಮಹಾಯಾಜಕನ ಮುಂದೆ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ, ನಾನು ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂದು ಅವನು ಕೇಳಿದನೆಂದು ಯೋಹಾನ ಬರೆಯುತ್ತಾನೆ. ಸಾಮಾನ್ಯವಾಗಿ ಧರ್ಮೋಪದೇಶಗಳು ಮೊದಲನೆಯದನ್ನು ಎತ್ತಿಹಿಡಿದು ಎರಡನೆಯದನ್ನು ಮರೆಯುತ್ತವೆ.

ನಮ್ಮ ಮಧ್ಯಕಾಲೀನ ಸಾಹಿತ್ಯದಲ್ಲಿ ಪಳಗಿದವರಿಗೆ ಈ ಸಂದರ್ಭದಲ್ಲಿ ಕಾವ್ಯಪೀಠಿಕೆಗಳ ‘ಕುಕವಿನಿಂದೆ’ ನೆನಪಾಗುವುದು ಸಹಜ. ಚಂಪೂಕವಿ ಕಥೆ ಆರಂಭಿಸುವ ಮುನ್ನವೇ ದುರ್ಜನ ವಿಮರ್ಶಕರನ್ನು ಹೊಡೆದು ಪಕ್ಕಕ್ಕಿಡುತ್ತಾನೆ. ರನ್ನನಂತೂ ತನ್ನ ಕೃತಿಯನ್ನು ಪರೀಕ್ಷಿಸಹೊರಟವನ ಎದೆಗಾರಿಕೆಯನ್ನೇ ಪ್ರಶ್ನಿಸುತ್ತಾನೆ. ಆದರೆ ಅದು ಬಾರದಿದ್ದ ನಿಂದೆಗೆ ಮುಂಗಡವಾಗಿ ಕೊಟ್ಟ ಉತ್ತರ; ಅಲ್ಲಿ ಅಪಾಯದಲ್ಲಿರುವುದು ಕಾವ್ಯದ ಕೀರ್ತಿಯೇ ಹೊರತು ಕವಿಯ ಸತ್ಯಸಂಧತೆಯಲ್ಲ. ಇನ್ನೊಂದು ದಿಕ್ಕಿನಲ್ಲಿ ವಚನಕಾರರೂ ದಾಸರೂ ಇದ್ದಾರೆ. ಬೆಟ್ಟದ ಮೇಲಿನ ಮನೆಯ ದೃಷ್ಟಾಂತವಿರುವ ಅಕ್ಕಮಹಾದೇವಿಯ ವಚನ ಸ್ತುತಿನಿಂದೆಗಳೆರಡರಲ್ಲೂ ಸಮಚಿತ್ತವನ್ನು ಬಯಸುತ್ತದೆ. ಪುರಂದರದಾಸರ ‘ನಿಂದಕರಿರಬೇಕು’ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಿಂದಕನನ್ನು ಉಪಕಾರಿಯೆಂದು ಸ್ವಾಗತಿಸುತ್ತದೆ; ಆದರೆ ಕೇರಿಯನ್ನು ಶುಚಿಮಾಡುವ ಹಂದಿಗೆ ಅವನನ್ನು ಹೋಲಿಸುವಾಗ ಆ ಸ್ವಾಗತದೊಳಗೆ ತಿರಸ್ಕಾರವೂ ಉಳಿದುಕೊಂಡಿದೆ ಎಂಬುದನ್ನು ನಮ್ಮ ವ್ಯಾಖ್ಯಾನಕಾರರು ಅಷ್ಟಾಗಿ ಗಮನಿಸಿದಂತಿಲ್ಲ.

ಅಕ್ಕನ ಸಮಚಿತ್ತ ದೊಡ್ಡದು. ಅದನ್ನು ನ್ಯೂಮನ್ನನ ತಳಮಳದ ಜೊತೆ ತೂಗಿ ಒಂದನ್ನು ಮೇಲೆಂದು ಹೇಳುವುದು ನನ್ನ ಉದ್ದೇಶವಲ್ಲ. ಭೇದ ಇರುವುದು ನಿಂದೆಯ ಗುರಿಯಲ್ಲಿ. ವಚನಕಾರ್ತಿಯ ನೆಲೆಯಲ್ಲಿ ನಿಂದೆ ತಗಲುವುದು ‘ನಾನು’ ಎಂಬುದಕ್ಕೆ. ಆ ‘ನಾನು’ ಕರಗಬೇಕಾದದ್ದೇ ಆದುದರಿಂದ ನಿಂದೆ ಸಾಧನೆಗೆ ನೆರವು. ಪೌಲನಿಗೂ ನ್ಯೂಮನ್ನನಿಗೂ ತಾವು ಮೊದಲು ಸಾಕ್ಷಿಗಳು. ಸಾಕ್ಷಿಯ ಮಾತು ನಂಬತಕ್ಕದ್ದಲ್ಲವೆಂದು ತೀರ್ಮಾನವಾದರೆ ಬಿದ್ದುಹೋಗುವುದು ಅವನ ಮಾನವಷ್ಟೇ ಅಲ್ಲ, ಅವನು ಯಾವುದಕ್ಕೆ ಸಾಕ್ಷಿಯೋ ಅದು. ತನ್ನೊಬ್ಬನ ಮೇಲಿನ ಆಪಾದನೆಯಾಗಿದ್ದರೆ ಸುಮ್ಮನಿರಬಹುದಿತ್ತು, ತನ್ನ ಜೊತೆಯ ಪಾದ್ರಿಗಳೆಲ್ಲರ ಮೇಲೂ ಬಂದುದರಿಂದ ಸುಮ್ಮನಿರಲಾಗದು ಎಂದು ನ್ಯೂಮನ್ ಕೊಡುವ ಕಾರಣವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಹಾಗೆ ಹೇಳುವವರಲ್ಲಿ ಅನೇಕರು ತಮ್ಮ ಗಾಯವನ್ನೇ ಸಮುದಾಯದ ಗಾಯವೆಂದು ಕರೆಯುತ್ತಾರೆಂಬುದೂ ನಿಜ. ನ್ಯೂಮನ್ನನ ಮಟ್ಟಿಗೆ ಎರಡೂ ಇದ್ದವು.

ವಿಷ ಬೆರೆತ ಬಾವಿಯ ಸಮಸ್ಯೆಗೆ ಅವನು ಕಂಡುಕೊಂಡ ಪರಿಹಾರ ಸಾಹಿತ್ಯಿಕವಾದುದು. ಆಪಾದನೆಗಳನ್ನು ಒಂದೊಂದಾಗಿ ಅಲ್ಲಗಳೆದರೆ ನಂಬುವವರಿಲ್ಲ. ಆದುದರಿಂದ ತನ್ನ ಅಭಿಪ್ರಾಯಗಳು ಬಾಲ್ಯದಿಂದ 1845ರವರೆಗೆ ಹೇಗೆ ಹುಟ್ಟಿದವು, ಯಾವ ಪುಸ್ತಕ, ಯಾವ ಗೆಳೆಯ, ಯಾವ ಸಂಶಯ ಅವುಗಳನ್ನು ತಿರುಗಿಸಿತು ಎಂಬುದನ್ನು ಕಾಗದಪತ್ರಗಳ ಸಹಿತ ಬಿಚ್ಚಿಟ್ಟುಬಿಡುವುದು. ಕಿಂಗ್ಸ್‌ಲಿ ಕೇಳಿದ ‘ಅರ್ಥ’ಕ್ಕೆ ಒಂದು ಬದುಕನ್ನೇ ಉತ್ತರವಾಗಿ ಕೊಡುವುದು. ತನಗೆ ಪ್ರತಿಕೂಲವಾದ ಸಂಗತಿಗಳನ್ನೂ ಅವನು ಬಿಟ್ಟಿಲ್ಲ. ರೋಮಿನ ವಿರುದ್ಧ ತಾನು ಹಿಂದೆ ಆಡಿದ್ದ ಕಟುನುಡಿಗಳು, ಎರಡು ಮನಸ್ಸಿನ ವರ್ಷಗಳು, ಲಿಟಲ್‌ಮೋರ್‌ನ ಏಕಾಂತ ಎಲ್ಲವೂ ಬರುತ್ತವೆ. ಸಂತ ಲಿಗೋರಿಯು ಕೆಲವು ಸಂದರ್ಭಗಳಲ್ಲಿ ದ್ವಂದ್ವಾರ್ಥದ ಮಾತನ್ನು ಸಮ್ಮತಿಸಿದ್ದನ್ನು ಪ್ರಸ್ತಾಪಿಸಿ, ತನ್ನ ನಡತೆಗೆ ತಾನು ಇಂಗ್ಲಿಷರ ನೇರಮಾತಿನ ನಿಯಮವನ್ನೇ ಆರಿಸಿಕೊಳ್ಳುತ್ತೇನೆಂದು ಒಪ್ಪಿಕೊಳ್ಳುವುದು, ತನ್ನ ಸಭೆಯ ಸಂತನೊಬ್ಬನನ್ನು ಕುರಿತು ಒಬ್ಬ ಪಾದ್ರಿ ಹೇಳಲು ಧೈರ್ಯ ಬೇಕಾದ ಮಾತು.

ಇನ್ನು ಪಾಠದ ವಿಷಯ. ಗ್ರಂಥಸಂಪಾದನೆಯಲ್ಲಿ ಆಸಕ್ತಿಯುಳ್ಳವರು ‘ಅಪೊಲೊಜಿಯಾ’ದ 1864 ಮತ್ತು 1865ರ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. 1913ರಲ್ಲಿ ವಿಲ್ಫ್ರಿಡ್ ವಾರ್ಡ್ ಪ್ರಸ್ತಾವನೆಯೊಡನೆ ಎರಡೂ ಪಾಠಗಳು ಒಟ್ಟಿಗೆ ಬಂದವು. ಮಾರ್ಟಿನ್ ಸ್ವಾಗ್ಲಿಕ್ ಸಿದ್ಧಪಡಿಸಿದ 1967ರ ಆಕ್ಸ್‌ಫರ್ಡ್ ಆವೃತ್ತಿಯೂ ಇದೆ. 1864ರ ಪಾಠದ ಮೊದಲ ಎರಡು ಭಾಗಗಳು ಕಿಂಗ್ಸ್‌ಲಿಯ ವಾದಕ್ರಮವನ್ನು ಕುರಿತವು. ನಿರ್ದಾಕ್ಷಿಣ್ಯವಾದ ವ್ಯಂಗ್ಯದಿಂದ ತುಂಬಿವೆ. ಅನುಬಂಧದಲ್ಲಿ ಎದುರಾಳಿಯ ತಪ್ಪುಗಳನ್ನು ‘ಕಲೆ’ಗಳೆಂದು ಎಣಿಸುತ್ತ ಹೋಗಿ ಮೂವತ್ತೊಂಬತ್ತಕ್ಕೆ ನಿಲ್ಲಿಸುತ್ತಾನೆ, ಆಂಗ್ಲಿಕನ್ ಸೂತ್ರಗಳ ಸಂಖ್ಯೆಯೇ ಅದು. ಚಪ್ಪಾಳೆ ಗಿಟ್ಟಿಸುವ ಕುಚೋದ್ಯ. 1865ರ ಪಾಠದಲ್ಲಿ ಆ ಎರಡು ಭಾಗಗಳೂ ಇಲ್ಲ. ಅನುಬಂಧ ಕುಗ್ಗಿ, ವಿಷಯಪರವಾದ ಟಿಪ್ಪಣಿಗಳಾಗಿ ಮಾರ್ಪಟ್ಟಿದೆ. ಗ್ರಂಥದ ಹೆಸರೂ ‘ನನ್ನ ಧಾರ್ಮಿಕ ಅಭಿಪ್ರಾಯಗಳ ಇತಿಹಾಸ’ ಎಂದು ಬದಲಾಯಿತು. ಹಳೆಯ ಹೆಸರು ಮುಂದೆ ಮರಳಿ ಬಂತು.

ಸಾಹಿತ್ಯ ಚರಿತ್ರಕಾರರು ಇದನ್ನು ಶೈಲಿಯ ಪರಿಷ್ಕಾರವೆಂದು ದಾಖಲಿಸಿ ಮುಂದೆ ಹೋಗುತ್ತಾರೆ. ನನಗೆ ಇದು ಗ್ರಂಥದ ನೈತಿಕ ಕೇಂದ್ರವೆಂದು ತೋರುತ್ತದೆ. ಆ ಹೊತ್ತಿಗೆ ನ್ಯೂಮನ್ ಗೆದ್ದಿದ್ದ. ಪ್ರಾಟೆಸ್ಟಂಟ್ ಓದುಗರೂ ಅವನ ಪಕ್ಷಕ್ಕೆ ಒಲಿದಿದ್ದರು. ಗೆದ್ದವನು ತನ್ನ ಹರಿತವಾದ ಪುಟಗಳನ್ನು ತಾನೇ ಕಿತ್ತುಹಾಕುವುದು ವಿರಳ. ಪೌಲನಿಗೆ ಈ ಅವಕಾಶ ಸಿಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬಹುದು: ಎರಡನೆಯ ಪತ್ರದ ಕೊನೆಯ ನಾಲ್ಕು ಅಧ್ಯಾಯಗಳು ಮೂಲತಃ ಬೇರೆಯೇ ಒಂದು ಕಟುವಾದ ಪತ್ರದ ಭಾಗವೆಂಬುದು ಅನೇಕ ಬೈಬಲ್ ವಿದ್ವಾಂಸರ ಅಭಿಪ್ರಾಯ. ಹಾಗಿದ್ದಲ್ಲಿ, ಒಂದು ಸಂದರ್ಭದ ಸಿಟ್ಟು ಶಾಶ್ವತವಾಗಿ ಶಾಸ್ತ್ರಗ್ರಂಥದೊಳಗೆ ಕುಳಿತುಬಿಟ್ಟಿದೆ.

ಆದರೆ ನ್ಯೂಮನ್ನನ ಸಿಟ್ಟು ನಿಜವಾದುದೇ? ಇಲ್ಲೊಂದು ಬಿಡಿಸಲಾಗದ ಗಂಟಿದೆ. 1875ರ ಜನವರಿಯಲ್ಲಿ ಕಿಂಗ್ಸ್‌ಲಿ ತೀರಿಕೊಂಡಾಗ ನ್ಯೂಮನ್ ಅವನ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸಿದ. ಆ ಫೆಬ್ರವರಿಯಲ್ಲಿ ಸರ್ ವಿಲಿಯಂ ಕೋಪ್‌ಗೆ ಬರೆದ ಪತ್ರದಲ್ಲಿ, ತನಗೆ ಕಿಂಗ್ಸ್‌ಲಿಯ ಮೇಲೆ ಎಂದೂ ಕೋಪವಿರಲಿಲ್ಲ, ಶಾಂತವಾಗಿ ಮಾತಾಡಿದರೆ ತನ್ನ ಮಾತನ್ನು ಯಾರೂ ಮನಃಪೂರ್ವಕವಾದುದೆಂದು ನಂಬುವುದಿಲ್ಲವೆಂದು ಅನುಭವದಿಂದ ಕಂಡುಕೊಂಡಿದ್ದೆ ಎಂಬರ್ಥದ ಮಾತನ್ನು ಹೇಳುತ್ತಾನೆ. ಹಾಗಾದರೆ 1864ರ ಕೋಪ ಓದುಗರಿಗಾಗಿ ಹಾಕಿದ ವೇಷವಾಯಿತು. ಕೇಳುಗನಿಗೆ ತಕ್ಕಂತೆ ಮಾತನ್ನು ಹೊಂದಿಸುವವನು ಎಂಬ ಕಿಂಗ್ಸ್‌ಲಿಯ ಆಪಾದನೆಗೆ ನ್ಯೂಮನ್ನೇ ಹನ್ನೊಂದು ವರ್ಷದ ಮೇಲೆ ಸಾಕ್ಷಿ ಒದಗಿಸಿದಂತಾಯಿತು. ಕಿಂಗ್ಸ್‌ಲಿ ಬದುಕಿದ್ದು ಈ ಪತ್ರವನ್ನು ಓದಿದ್ದರೆ ಕೈಯೆತ್ತಿ ತೋರಿಸುತ್ತಿದ್ದ. ಮುದುಕನಾದವನು ಸತ್ತ ಎದುರಾಳಿಯ ವಿಷಯದಲ್ಲಿ ಹಳೆಯ ಕೋಪವನ್ನು ಮೃದುಗೊಳಿಸಿ ನೆನಪಿಟ್ಟುಕೊಂಡಿರಬಹುದು ಎಂಬ ಇನ್ನೊಂದು ಓದೂ ಸಾಧ್ಯ. ಅಳುತ್ತ ಬರೆದವನಲ್ಲಿ ಕೋಪವಿರಲಿಲ್ಲವೆಂಬುದನ್ನು ನಾನು ನಂಬಲಾರೆ. ಅದೇ ಪತ್ರವನ್ನು ಸುಳ್ಳೆನ್ನಲೂ ಆರೆ. 2019ರ ಅಕ್ಟೋಬರ್ 13ರಂದು ಸಂತಪದವಿ ಪಡೆದವನ ವಿಷಯದಲ್ಲಿ ಇಂತಹ ಗಂಟುಗಳನ್ನು ಬಿಡಿಸಿಬಿಡುವ ಆತುರ ಭಕ್ತರಿಗೆ ಇರಬಹುದು, ವಿಮರ್ಶಕನಿಗೆ ಇರಬೇಕಾಗಿಲ್ಲ.

ಕೊನೆಯದಾಗಿ, ‘ಅಪೊಲೊಜಿಯಾ’ದಲ್ಲಿ ಇಲ್ಲದ ಒಂದು ಸಂಗತಿ. ಕಿಂಗ್ಸ್‌ಲಿಯ ಮಾತು ಬಂದ ಕಾಲಕ್ಕೆ ನ್ಯೂಮನ್ ಮೇಲೆ ಇನ್ನೊಂದು ದೂರು ಬಾಕಿಯಿತ್ತು, ಅದೂ ಸ್ವಂತ ಧರ್ಮಸಭೆಯೊಳಗಿನದು. ಧರ್ಮತತ್ತ್ವದ ವಿಷಯದಲ್ಲಿ ಸಾಮಾನ್ಯ ವಿಶ್ವಾಸಿಗಳ ಅಭಿಮತವನ್ನೂ ಕೇಳಬೇಕೆಂದು ಅವನು 1859ರ ಜುಲೈಯಲ್ಲಿ ‘ರ್‍ಯಾಂಬ್ಲರ್’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ನ್ಯೂಪೋರ್ಟ್‌ನ ಬಿಷಪ್ ರೋಮಿಗೆ ದೂರಿದ್ದ. ಹೊರಗಿನವನ ಆಪಾದನೆಗೆ ಐನೂರಕ್ಕೂ ಹೆಚ್ಚು ಪುಟಗಳ ಉತ್ತರ ಕೊಟ್ಟವನು ಒಳಗಿನವರ ಈ ದೂರನ್ನು ಕುರಿತು ಸಾರ್ವಜನಿಕವಾಗಿ ಒಂದು ಮಾತೂ ಆಡಲಿಲ್ಲ. ಆ ವರ್ಷಗಳ ಖಾಸಗಿ ದಿನಚರಿಯಲ್ಲಿ ಕಹಿ ತುಂಬಿದೆ. ಏಳನೆಯ ಭಾಗದಲ್ಲಿ ಅಧಿಕಾರಕ್ಕೂ ಬುದ್ಧಿಯ ಸ್ವಾತಂತ್ರ್ಯಕ್ಕೂ ಇರುವ ಸಂಬಂಧವನ್ನು ಚರ್ಚಿಸುತ್ತ, ಅಧಿಕಾರದಲ್ಲಿರುವವರು ಕೆಲವೊಮ್ಮೆ ಕಠೋರರಾಗಿ ನಡೆದುಕೊಳ್ಳಬಹುದು, ಆದರೂ ಕಾಲ ಪಕ್ವವಾಗದ ಸತ್ಯವನ್ನು ಹೇಳಹೊರಟವನು ತಾಳಬೇಕಾಗುತ್ತದೆ ಎಂದು ಅವನು ಬರೆಯುವ ಪುಟಗಳನ್ನು, ಈ ಸಂಗತಿಯನ್ನು ತಿಳಿದು ಓದಿದಾಗ, ಅವು ಕಿಂಗ್ಸ್‌ಲಿಗಾಗಿ ಬರೆದವಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಅವನು ಸಂಪೂರ್ಣ ಸುಮ್ಮನಿದ್ದನೆಂದೂ ಅಲ್ಲ. 1860ರ ಜನವರಿಯಲ್ಲಿ ರೋಮಿನಲ್ಲಿದ್ದ ಕಾರ್ಡಿನಲ್ ವೈಸ್‌ಮನ್‌ಗೆ ಬರೆದು, ಆಕ್ಷೇಪಕ್ಕೆ ಗುರಿಯಾದ ಭಾಗಗಳು ಯಾವುವೆಂದು ತಿಳಿಸಿದರೆ ವಿವರಣೆ ಕೊಡಲು ಸಿದ್ಧನೆಂದು ಹೇಳಿದ್ದ. ರೋಮಿನ ಅಧಿಕಾರಿಗಳು ಪಟ್ಟಿಯನ್ನು ಸಿದ್ಧಪಡಿಸಿ ವೈಸ್‌ಮನ್‌ನ ಕೈಗೆ ಕೊಟ್ಟರು. ಅದು ನ್ಯೂಮನ್ನನಿಗೆ ತಲುಪಲಿಲ್ಲ. ಕೇಳಿದ ಪ್ರಶ್ನೆಗೆ ನ್ಯೂಮನ್ ಉತ್ತರ ಕೊಡಲಿಲ್ಲವೆಂದು ಅಲ್ಲಿನವರು ತಿಳಿದರು. ದೂರು ಮುಗಿಯಿತೆಂದು ಇವನು ತಿಳಿದ. 1867ರಲ್ಲಿ ಅವನ ಸಹವರ್ತಿ ಆಂಬ್ರೋಸ್ ಸೇಂಟ್ ಜಾನ್ ರೋಮಿಗೆ ಹೋದಾಗಲೇ, ಏಳು ವರ್ಷ ಅವಿಧೇಯತೆಯೆಂದು ಎಣಿಕೆಯಾಗುತ್ತಿದ್ದ ಆ ಮೌನಕ್ಕೆ ಕಾರಣ ಕೈಬದಲಾಗದ ಒಂದು ಪಟ್ಟಿಯೆಂಬುದು ಹೊರಬಿದ್ದದ್ದು.